ಗೋಡೆಯ ಫೋಟೊ ಕೆಳಗಿಳಿಸಿ, ಹೂಂಗುಟ್ಟುವವರನ್ನು ಕೂರಿಸಿ

ಪಿತೃಪಕ್ಷದ ಅಮಾವಾಸ್ಯೆ ಬಂತೆಂದರೆ ನಮ್ಮ ಲೊಕ್ಕನಹಳ್ಳಿ ಕಡೆಯ ಮನೆಗಳಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು, ತೀರಿಹೋದವರಿಗೆ ಎಡೆ ಇಕ್ಕುವುದು. ಇನ್ನೊಂದು, ನಡುಮನೆಯ ಗೋಡೆಯಿಂದ ಅವರ ಫೋಟೊಗಳನ್ನು ಇಳಿಸಿ, ದೂಳು ಕೊಡವಿ, ಕುಂಕುಮ ಇಟ್ಟು ಹೂ ಹಾಕುವುದು. ಎಡೆಯ ವಿಷಯದಲ್ಲಿ ಯಾರಿಗೂ ಮರೆವಿಲ್ಲ. ಕಜ್ಜಾಯ ಇಷ್ಟವಿದ್ದ ಅಜ್ಜಿಗೆ ಕಜ್ಜಾಯ, ಬೀಡಿ ಬಿಡದಿದ್ದ ತಾತನಿಗೆ ಒಂದು ಕಟ್ಟು ಬೀಡಿ, ಜೊತೆಗೆ ಬೆಂಕಿಪೊಟ್ಟಣ. ಫೋಟೊ ಕೈಗೆ ಬಂದಾಗ ಮಾತ್ರ ನಾಲಿಗೆ ತಡವರಿಸುತ್ತದೆ. 'ಇವರು ತಾತನ ಅಣ್ಣನೋ, ಅಜ್ಜಿಯ ಅಣ್ಣನೋ?' ಮೂರನೇ ತಲೆಮಾರಿಗೆ ಅಲ್ಲೇ ದಾರಿ ತಪ್ಪುತ್ತದೆ.

ಅಂಥದ್ದೇ ಒಂದು ಅಮಾವಾಸ್ಯೆಯ ದಿನ ಗಾಜು ಒಡೆದಿದ್ದ ಅಜ್ಜಿಯ ಫೋಟೊವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ನಾನೇ. ಕಪ್ಪುಬಿಳುಪು ಚಿತ್ರದ ಮೇಲೆ ಸ್ಟುಡಿಯೊದವನು ಕೈಯಲ್ಲಿ ಬಳಿದಿದ್ದ ತುಟಿಯ ಕೆಂಪು, ಸೀರೆಯ ನೀಲಿ ಎರಡೂ ಬಟ್ಟೆಗೆ ಬಂದವು. ನನ್ನ ಜೀವವೇ ಹೋದಂತಾಯಿತು. ದೊಡ್ಡವ್ವ ಬೈಯಲಿಲ್ಲ. 'ವೋಗ್ಲಿ ಬುಡು ಮೊಗ, ಅದು ಅವ್ವನ ಬಣ್ಣ ಅಲ್ಲ ಕನ, ಅಂಗಡಿಯವನ ಬಣ್ಣ. ಅವ್ವ ಅವತ್ತು ಉಟ್ಟಿದ್ದು ಹಸ್ರು ಸೀರೆ, ಅದೂ ಇಸ್ಕೊಂಡಿದ್ದು' ಎಂದಳು. ಇಸ್ಕೊಂಡಿದ್ದು ಯಾರ ಹತ್ತಿರ, ಕೊಳ್ಳೇಗಾಲಕ್ಕೆ ಯಾಕೆ ಹೋಗಿದ್ದರು, ಫೋಟೊದಲ್ಲಿ ಅಜ್ಜಿಯ ಮುಖ ಯಾಕೆ ಅಷ್ಟು ಬಿಗಿದಿದೆ ಎಂಬುದೆಲ್ಲ ಒಂದರ ಹಿಂದೆ ಒಂದು ಹೊರಬಂತು. ಪಕ್ಕದಲ್ಲಿದ್ದ ಚಿಕ್ಕಪ್ಪ 'ಹೂಂ, ಆಮೇಲೆ?' ಎಂದಷ್ಟೂ ಕಥೆ ಉದ್ದವಾಯಿತು. ನನ್ನ ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಒಂದು ಮಾತೂ ದಾಖಲಾಗಲಿಲ್ಲ.

ಈ ಲೇಖನ ಆ ಸಂಜೆಯ ಎರಡು ತಪ್ಪುಗಳಿಂದ ಹುಟ್ಟಿದ್ದು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತಿರುಪ್ಪೂರಿನ ಗಾರ್ಮೆಂಟ್ಸ್ ಬಳಿಯಲ್ಲೋ ಇದ್ದುಕೊಂಡು, ಹಬ್ಬಕ್ಕೆ ಊರಿಗೆ ಬಂದಾಗ 'ನಮ್ಮೋರ ಬಗ್ಗೆ ಏನಾದರೂ ಉಳಿಸಿಕೊಳ್ಳಬೇಕು' ಎಂದುಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಬಹುದು. ದೊಡ್ಡ ಕ್ಯಾಮೆರಾ ಬೇಕಿಲ್ಲ. ಫೋನು, ಒಂದು ಕರಿ ಕಂಬಳಿ, ಎರಡು ದಿನದ ಪುರುಸೊತ್ತು ಇದ್ದರೆ ಸಾಕು. ಜೊತೆಗೆ 'ಹೂಂ' ಎನ್ನುವ ಒಬ್ಬರು ಬೇಕು.

ಹೂಂ ಎನ್ನುವವರ ಮಾತು ತಮಾಷೆಗೆ ಹೇಳಿದ್ದಲ್ಲ. ಈ ಸೀಮೆಯಲ್ಲಿ ಕಥೆಯನ್ನು ಯಾರೂ ಒಬ್ಬರೇ ಹೇಳುವುದಿಲ್ಲ. ಮಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಜೊತೆ ಸೊಲ್ಲು ಹಿಡಿಯುವ ಹಿಮ್ಮೇಳದವರಿರುತ್ತಾರೆ. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಮಾಡುವ ನೀಲಗಾರರಿಗೂ ಸಂಗಡಿಗರಿರುತ್ತಾರೆ. ಮನೆಯ ಅಜ್ಜಿ ಕೂಡ ನಾವು ಹೂಂಗುಟ್ಟುವುದು ನಿಲ್ಲಿಸಿದರೆ 'ಮಲಿಕಂಡಾ?' ಎಂದು ಕೇಳಿ ಕಥೆ ನಿಲ್ಲಿಸಿಬಿಡುತ್ತಿದ್ದಳು. ಆದ್ದರಿಂದ ಹಿರಿಯರ ಮುಂದೆ ಒಬ್ಬರೇ ಫೋನು ಹಿಡಿದು ಕೂತು ಪ್ರಶ್ನೆ ಕೇಳಿದರೆ ಸಿಗುವುದು ಸಂದರ್ಶನ. ಮನೆಯವರನ್ನೆಲ್ಲ ಸುತ್ತ ಕೂರಿಸಿ, ಫೋಟೊವನ್ನು ಅವರ ಕೈಗೆ ಕೊಟ್ಟರೆ ಸಿಗುವುದು ಕಥೆ.

ಮೊದಲು ಊರಿನ ಜಾತಕ ತಿಳಿದುಕೊಳ್ಳಿ

ಮನೆಯ ಕಾಗದ, ಫೋಟೊ ಹುಡುಕುವ ಮುನ್ನ ಒಂದು ವಿಷಯ ಗೊತ್ತಿರಲಿ. ನಮ್ಮ ಊರು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮೈಸೂರಿಗೆ ಸೇರಿರಲಿಲ್ಲ, ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಈಚೆಗೆ ಹನೂರು ಬೇರೆ ತಾಲ್ಲೂಕಾಯಿತು, ಲೊಕ್ಕನಹಳ್ಳಿ ಅದರ ಹೋಬಳಿ. ಊರಿನ ಒಂದು ಮನೆಯೂ ಅಲುಗಾಡದೆ ವಿಳಾಸ ಮಾತ್ರ ಇಷ್ಟು ಸಲ ಬದಲಾಗಿದೆ. ಪಕ್ಕದ ಯಳಂದೂರಿನದು ಇನ್ನೊಂದೇ ಕಥೆ. ಅದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಮೈಸೂರು ಸಂಸ್ಥಾನದ ನೆಲ. ಹೀಗಾಗಿ ಅಪ್ಪನ ಊರು ಲೊಕ್ಕನಹಳ್ಳಿ, ಅವ್ವನ ತವರು ಯಳಂದೂರು ಎಂದಾದರೆ, ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯಾದರೂ ಒಬ್ಬರ ಹಳೇ ಕಾಗದ ಮದ್ರಾಸಿನ ಕಡೆಯದು, ಇನ್ನೊಬ್ಬರದು ಮೈಸೂರಿನ ಕಡೆಯದು.

ಇದರಿಂದ ಕೆಲಸಕ್ಕೇನು ಪ್ರಯೋಜನ? ಟ್ರಂಕಿನಲ್ಲಿ ತಮಿಳು ಅಕ್ಷರದ ಪಟ್ಟಾ ಸಿಕ್ಕರೆ 'ಇದು ನಮ್ಮದಲ್ಲ' ಎಂದು ಬದಿಗಿಡಬೇಡಿ. ಫೋಟೊದ ಬೆನ್ನಿಗೆ ಕೊಯಮತ್ತೂರು, ಈರೋಡು, ಸತ್ಯಮಂಗಲದ ಸ್ಟುಡಿಯೊ ಮುದ್ರೆ ಕಂಡರೂ ಅಚ್ಚರಿಪಡಬೇಡಿ. ಊರಿನ ಶಾಸನ, ವೀರಗಲ್ಲು ಹುಡುಕುವವರಿಗೂ ಇದೇ ತೊಡಕು. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಪ್ರಕಟಿಸಿದಾಗ ಕೊಳ್ಳೇಗಾಲ ಆ ಸಂಸ್ಥಾನದ ಹೊರಗಿತ್ತು. ಆ ಶಾಸನಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯ 4ನೇ ಸಂಪುಟದಲ್ಲಿ ಚಾಮರಾಜನಗರ, ಯಳಂದೂರುಗಳ ಜೊತೆ ಕೊಳ್ಳೇಗಾಲವೂ ಸೇರಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಸಂಪುಟ ಅದು. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ ನೋಡಿ.

ಫೋಟೊ ಎಲ್ಲೆಲ್ಲಿ ಅಡಗಿರುತ್ತದೆ

ಗೋಡೆಯ ಮೇಲೆ ಇರುವುದು ಕಾಲುಪಾಲು ಮಾತ್ರ. ಉಳಿದದ್ದು ಟ್ರಂಕಿನ ತಳದ ಪೇಪರಿನ ಕೆಳಗೆ, ಹಳೇ ಪಾಸ್‌ಬುಕ್ಕಿನಲ್ಲಿ, ಎಲ್‌ಐಸಿ ಕವರಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಇರುತ್ತದೆ. ಕಟ್ಟು ಹಾಕಿದ ಫೋಟೊದ ಹಿಂದಿನ ರಟ್ಟು ತೆಗೆದರೆ ಒಮ್ಮೊಮ್ಮೆ ಒಳಗೆ ಇನ್ನೊಂದು ಫೋಟೊ ಇರುತ್ತದೆ. ಹೊಸ ಕಟ್ಟಿಗೆ ದುಡ್ಡು ಯಾಕೆ ಎಂದು ತಾತನ ಮೇಲೆ ದೇವರನ್ನು, ದೇವರ ಮೇಲೆ ಮಗನ ಮದುವೆಯನ್ನು ಕೂರಿಸಿರುತ್ತಾರೆ. ನಮ್ಮ ಮನೆಯಲ್ಲಿ ತಿರುಪತಿ ತಿಮ್ಮಪ್ಪನ ಹಿಂದೆ ಮುತ್ತಜ್ಜ ಎಷ್ಟು ವರ್ಷ ಕೂತಿದ್ದನೋ ಅವನಿಗೇ ಗೊತ್ತು.

ಗಾಜಿಗೆ ಅಂಟಿಕೊಂಡ ಫೋಟೊವನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ. ಮಳೆಗಾಲದ ತೇವಕ್ಕೆ ಫೋಟೊದ ಮೇಲ್ಪದರ ಮೆತ್ತಗಾಗಿ ಗಾಜನ್ನು ಹಿಡಿದಿರುತ್ತದೆ. ಕಿತ್ತರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಮೂಲಕವೇ ಪ್ರತಿ ತೆಗೆಯಿರಿ. ಒರೆಸಲು ಒಣ ಮೆತ್ತನೆ ಬ್ರಷ್ಷು ಸಾಕು. ನೀರು, ಸ್ಪಿರಿಟ್, ಎಂಜಲು ಯಾವುದೂ ಬೇಡ. ಮೇಲೆ ಹೇಳಿದ ಕೆಂಪು, ನೀಲಿ ನೆನಪಿರಲಿ.

ಫೋನಿನಲ್ಲಿ ಪ್ರತಿ ತೆಗೆಯುವ ವಿಧಾನ ಹೀಗಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಜಗಲಿ ಹುಡುಕಿ. ಫೋಟೊವನ್ನು ನೆಲದ ಮೇಲೆ ಮಟ್ಟವಾಗಿಡಿ. ಫ್ಲಾಶ್ ಆರಿಸಿ. ಫೋನನ್ನು ಫೋಟೊಕ್ಕೆ ಸಮಾನಾಂತರವಾಗಿ ಹಿಡಿಯಿರಿ, ತುಸು ಓರೆಯಾದರೂ ತಾತನ ತಲೆ ಕುಂಬಳಕಾಯಿಯಾಗುತ್ತದೆ. ತೀರಾ ಹತ್ತಿರ ಹೋಗದೆ, ಒಂದು ಮೊಳ ಮೇಲೆ ನಿಂತು ಜೂಮ್ ಸ್ವಲ್ಪ ಹೆಚ್ಚಿಸಿಕೊಂಡರೆ ಅಂಚು ಬಾಗುವುದಿಲ್ಲ. ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತಿದ್ದರೆ ಕರಿ ಕಂಬಳಿ ತನ್ನಿ. ಅದನ್ನು ತಲೆಯ ಮೇಲಿಂದ ಹೊದ್ದು, ಫೋನಿನ ಕಣ್ಣು ಮಾತ್ರ ಹೊರಗಿಟ್ಟರೆ ಪ್ರತಿಫಲನ ಮಾಯ. ಮಕ್ಕಳು ನಗುತ್ತಾರೆ, ನಗಲಿ. ಹಿಂದಿನ ಸ್ಟುಡಿಯೊದವರೂ ಕರಿ ಬಟ್ಟೆ ಹೊದ್ದೇ ಫೋಟೊ ತೆಗೆಯುತ್ತಿದ್ದರು.

ಪ್ರತಿ ಫೋಟೊಕ್ಕೆ ಮೂರು ಚಿತ್ರ ತೆಗೆಯಿರಿ: ಕಟ್ಟಿನ ಸಮೇತ ಒಂದು, ಚಿತ್ರ ಮಾತ್ರ ಇನ್ನೊಂದು, ಬೆನ್ನಿನದು ಮತ್ತೊಂದು. ಬೆನ್ನು ಬಿಡಬೇಡಿ. ಸ್ಟುಡಿಯೊ ಮುದ್ರೆ, ಪೆನ್ಸಿಲಿನ ಲೆಕ್ಕ, ಯಾರೋ ಬರೆದ ಅರ್ಧ ಹೆಸರು ಅಲ್ಲೇ ಇರುತ್ತವೆ. ತೀರಾ ಮುಖ್ಯವಾದ ಹತ್ತಿಪ್ಪತ್ತನ್ನು ಕೊಳ್ಳೇಗಾಲದ ಯಾವುದಾದರೂ ಸ್ಟುಡಿಯೊದಲ್ಲಿ ಎದುರಿಗೇ ನಿಂತು ಸ್ಕ್ಯಾನ್ ಮಾಡಿಸಿ. ಸಾಮಾನ್ಯ ಅಳತೆಗೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೊಗಳಿಗೆ 1200 ಎಂದು ಬಾಯಿಬಿಟ್ಟು ಹೇಳಿ. ಸುಮ್ಮನಿದ್ದರೆ ಕಡಿಮೆಯಲ್ಲಿ ಮುಗಿಸಿಬಿಡುತ್ತಾರೆ. ವಾಟ್ಸಾಪಿನಲ್ಲಿ ನೇರ ಫೋಟೊವಾಗಿ ಕಳಿಸಿದರೆ ಅದು ಕುಗ್ಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿ.

ಈಗ ಹಳೇ ಫೋಟೊಕ್ಕೆ ಬಣ್ಣ ಹಚ್ಚುವ, ಕಣ್ಣು ಮಿಟುಕಿಸುವಂತೆ ಮಾಡುವ ಆ್ಯಪ್‌ಗಳು ಬಂದಿವೆ. ನನಗೆ ಅವು ಸೇರುವುದಿಲ್ಲ. ಸೀರೆ ಹಸಿರು ಎಂದು ದೊಡ್ಡವ್ವನಿಗೆ ಗೊತ್ತಿತ್ತು, ಆ್ಯಪ್ಪಿಗೆ ಗೊತ್ತಿಲ್ಲ. ಮಾಡಲೇಬೇಕೆನಿಸಿದರೆ ಪ್ರತಿಯ ಮೇಲೆ ಮಾಡಿ, ಮೂಲವನ್ನು ಬೇರೆ ಇಡಿ. ಹತ್ತು ವರ್ಷದ ಮೇಲೆ ಯಾವುದು ನಿಜವೆಂದು ನಿಮಗೇ ಗುರುತು ಸಿಗಲಿಕ್ಕಿಲ್ಲ.

ಕಾಲ ಅಂದಾಜಿಸಲು ಕೆಲವು ಸುಳಿವುಗಳಿವೆ. ಚಚ್ಚೌಕದ, ಬಿಳಿ ಅಂಚಿನ ಸಣ್ಣ ಕಪ್ಪುಬಿಳುಪು ಚಿತ್ರ ಸಾಮಾನ್ಯವಾಗಿ 120 ರೋಲಿನದು, ಒಂದು ರೋಲಿಗೆ ಹನ್ನೆರಡೇ ಫೋಟೊ. ಆಗ್ಫಾ ಕ್ಲಿಕ್‌ನಂಥ ಡಬ್ಬಿ ಕ್ಯಾಮೆರಾ ಇದ್ದ ಮೇಷ್ಟರೋ ಫಾರೆಸ್ಟರೋ ತೆಗೆದಿರಬಹುದು. ನಮಗೆ ಹತ್ತಿರದ ಊಟಿಯಲ್ಲೇ 1960ರಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪನೆಯಾಗಿ 'ಇಂದು' ಹೆಸರಿನ ಫಿಲ್ಮು ಮಾರುಕಟ್ಟೆಗೆ ಬಂತು. ಹಳ್ಳಿಯ ಮದುವೆಗೆ ಬಣ್ಣದ ಆಲ್ಬಂ ಬಂದದ್ದು ಅದಕ್ಕಿಂತ ಎಷ್ಟೋ ಈಚೆ. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಇದ್ದರೆ ಪೂರ್ತಿ ನಂಬಬೇಡಿ, ಬ್ಯಾಟರಿ ಬದಲಿಸಿದ ಮೇಲೆ ತಾರೀಖು ಸರಿಪಡಿಸುತ್ತಿದ್ದವರು ಕಡಿಮೆ.

ಫೋಟೊವೇ ಇಲ್ಲದ ಮನೆ

ಸ್ಟುಡಿಯೊಗೆ ಹೋಗುವುದು ಎಲ್ಲರಿಗೂ ಕೈಗೆಟುಕುತ್ತಿದ್ದ ಸಂಗತಿ ಅಲ್ಲ. ಕೂಲಿ ಮಾಡಿದ ಮನೆಗಳಲ್ಲಿ, ಕಾಡಂಚಿನ ಪೋಡುಗಳಲ್ಲಿ (ಸೋಲಿಗರ ಹಾಡಿಗಳಲ್ಲಿ) ಅಜ್ಜಿಯ ಮೊಟ್ಟಮೊದಲ, ಒಮ್ಮೊಮ್ಮೆ ಏಕೈಕ ಫೋಟೊ ಎಂದರೆ ರೇಷನ್ ಕಾರ್ಡಿನದ್ದೋ 1993ರ ನಂತರ ಬಂದ ಚುನಾವಣಾ ಗುರುತಿನ ಚೀಟಿಯದ್ದೋ ಆಗಿರುತ್ತದೆ. ಅದನ್ನೂ ಮೇಲಿನಷ್ಟೇ ಜೋಪಾನವಾಗಿ ಪ್ರತಿ ತೆಗೆಯಿರಿ. ಕಾರ್ಡಿನ ಸಂಖ್ಯೆ ಮಾತ್ರ ಮುಚ್ಚಿ.

ಅದೂ ಇಲ್ಲವಾದರೆ ವಸ್ತುವಿನ ಫೋಟೊ ತೆಗೆಯಿರಿ. ಅಜ್ಜಿ ಬೀಸುತ್ತಿದ್ದ ರಾಗಿಕಲ್ಲು, ಹಿಡಿ ಸವೆದ ಕುಡುಗೋಲು, ಮಾದಪ್ಪನ ಹರಕೆಯ ಬೆತ್ತ ಮತ್ತು ಜೋಳಿಗೆ, ಮಂಟೇಸ್ವಾಮಿ ಒಕ್ಕಲಿನವರ ದೇವರಮೂಲೆಯ ಲಾಂಛನವಾದ ಕಂಡಾಯ. ಕಂಡಾಯದಂಥದ್ದನ್ನು ಮನೆಯ ಹಿರಿಯರ ಅಪ್ಪಣೆ ಇಲ್ಲದೆ ಮುಟ್ಟುವುದು, ತೆಗೆಯುವುದು ಬೇಡ. ವಸ್ತುವನ್ನು ಬಿಳಿ ಗೋಡೆಯ ಮುಂದಿಟ್ಟು ಒಂದು ಚಿತ್ರ, ಅದನ್ನು ಬಳಸುವ ಕೈಯೊಂದಿಗೆ ಇನ್ನೊಂದು ಚಿತ್ರ ತೆಗೆಯಿರಿ. ಎರಡನೆಯದರಲ್ಲೇ ಕಥೆ ಇರುವುದು. ರಾಗಿಕಲ್ಲಿನ ಗೂಟಕ್ಕೆ ಕೈ ಹೋದ ಕೂಡಲೇ ಎಪ್ಪತ್ತು ದಾಟಿದ ಹೆಂಗಸರ ಬಾಯಲ್ಲಿ ಹಾಡು ತಾನಾಗಿ ಬರುವುದನ್ನು ನಾನು ಎರಡು ಮನೆಗಳಲ್ಲಿ ಕಂಡಿದ್ದೇನೆ.

ಜಾಗವೂ ಫೋಟೊ ಆಗಬಲ್ಲದು. ಇದನ್ನು ನಮಗೆಲ್ಲ ತೋರಿಸಿಕೊಟ್ಟವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಪ್ರತಿ ಕುಲಕ್ಕೂ ತನ್ನದೇ 'ಎಲ್ಲೆ' ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳಿವೆ. ಕಲ್ಲುಗುಡಿ ಎಂದರೆ ಹಿರಿಯರನ್ನು ಮಣ್ಣು ಮಾಡಿದ ಜಾಗ, ಅಬ್ಬಿ ಎಂದರೆ ತೊರೆ. ವನ್ಯಧಾಮವಾದ ಮೇಲೆ ಕಾಡೊಳಗಿನ ಈ ನೆಲೆಗಳು ಹೊರಗಿನವರ ನಕಾಶೆಯಲ್ಲಿ ಎಲ್ಲೂ ಇರಲಿಲ್ಲ. ಹಿರಿಯ ಸೋಲಿಗರು ಮುಂದೆ ನಡೆದು ಜಾಗ ತೋರಿಸುತ್ತ, ಹೆಸರು ಮತ್ತು ಕಥೆ ಹೇಳುತ್ತ ಹೋದರು. ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಸಮುದಾಯದವರೇ ಆದ ಡಾ. ಸಿ. ಮಾದೇಗೌಡರು ಸೇರಿ ಜಿಪಿಎಸ್ ಹಿಡಿದು ಅವನ್ನು ಗುರುತಿಸಿದರು. ನೂರಾರು ನೆಲೆಗಳ ನಕಾಶೆ ಆಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಮಾನ್ಯತೆ ಸಿಕ್ಕಿದ್ದು ದೇಶದಲ್ಲೇ ಮೊದಲು. 'ನಮ್ಮಜ್ಜ ಇಲ್ಲಿ ಮಲಗಿದ್ದಾನೆ' ಎಂಬ ಮಾತು ನಡೆದು ತೋರಿಸಿದಾಗ ನಕಾಶೆಯೂ ಆಗುತ್ತದೆ.

ನೀವೂ ನಿಮ್ಮ ಮನೆಯ ಹಿರಿಯರ ಜೊತೆ ಒಂದು ನಡಿಗೆ ಮಾಡಿ. ಹಳೇ ಕಣ, ಬಿದ್ದುಹೋದ ಮನೆಯ ಪಾಯ, ಗುಡ್ಡೆ, ಮನೆದೇವರ ಗುಡಿಯ ದಾರಿ. ನಡೆಯುತ್ತ ಹೇಳುವ ಕಥೆ ಕೂತು ಹೇಳುವುದಕ್ಕಿಂತ ಬೇರೆ. ಕಾಲು ನಿಂತಲ್ಲಿ ನೆನಪೂ ನಿಲ್ಲುತ್ತದೆ. ವೀರಗಲ್ಲು ಸಿಕ್ಕರೆ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಡಿ. ಕೆತ್ತನೆ ಎದ್ದು ಕಾಣುತ್ತದೆ. ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಕಾಡಂಚಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಿ. ಸೋಲಿಗರದ್ದಾಗಲಿ ಬೇರೆಯವರದ್ದಾಗಲಿ, ಪೂಜೆಯ ಜಾಗಗಳ ಲೊಕೇಶನ್ ಹಾಕಿ ಜಾಲತಾಣಕ್ಕೆ ಏರಿಸಬೇಡಿ.

ಕಥೆಯ ರಾತ್ರಿ

ಇನ್ನು ಮುಖ್ಯ ಕೆಲಸ. ದಿನ ಯಾವುದಿರಲಿ? ಪಕ್ಷದ ಅಮಾವಾಸ್ಯೆಯೇ ಸರಿ, ಎಲ್ಲರೂ ಊರಲ್ಲಿರುತ್ತಾರೆ, ಫೋಟೊಗಳು ಹೇಗೂ ಕೆಳಗಿಳಿದಿರುತ್ತವೆ. ದೀಪಾವಳಿಗೆ ಮಾದಪ್ಪನ ಬೆಟ್ಟದ ಜಾತ್ರೆಗೆ ಹೋಗುವ ಗಡಿಬಿಡಿ, ಯುಗಾದಿಗೆ ಹೊಲದ ಗಡಿಬಿಡಿ.

ಮುಂಚೆಯೇ ಒಂದು ಮಾತು ಎಲ್ಲರ ಮುಂದೆ ಹೇಳಿಬಿಡಿ: 'ಇದು ಜಮೀನಿಗಲ್ಲ.' ನಗಬೇಡಿ. ಪಟ್ಟಣದಿಂದ ಬಂದವನು ಮುತ್ತಾತನ ಹೆಸರು, ಅವನಿಗೆಷ್ಟು ಮಕ್ಕಳು ಎಂದು ಕೇಳತೊಡಗಿದರೆ ದಾಯಾದಿಗಳಿಗೆ ಮೊದಲು ಹೊಳೆಯುವುದು ಪೌತಿ ಖಾತೆ ಮತ್ತು ಪಾಲು. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷಕ್ಕೂ ನೀವು ಮಾಡುತ್ತಿರುವುದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿ. ನಮ್ಮಲ್ಲಿ ಒಬ್ಬರು ದೊಡ್ಡಪ್ಪ ಮೊದಲ ವರ್ಷ ಬರಲೇ ಇಲ್ಲ. ಎರಡನೇ ವರ್ಷ ಯಾರ ಖಾತೆಯೂ ಬದಲಾಗಿಲ್ಲ ಎಂದು ಖಾತರಿ ಮಾಡಿಕೊಂಡು ಬಂದರು. ಎಲ್ಲರಿಗಿಂತ ಹೆಚ್ಚು ಹೇಳಿದವರೂ ಅವರೇ.

ಊಟ ಮುಗಿದ ಮೇಲೆ ಜಗಲಿಯಲ್ಲೋ ನಡುಮನೆಯಲ್ಲೋ ಚಾಪೆ ಹಾಸಿ. ಟಿವಿ, ಮಿಕ್ಸಿ ನಿಲ್ಲಲಿ, ಫ್ಯಾನ್ ಕೂಡ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಚಿದ ಟವಲಿನ ಮೇಲೆ ಹೇಳುವವರಿಂದ ಒಂದು ಮೊಳ ದೂರದಲ್ಲಿಡಿ. ನೆಲದ ಮೇಲೆ ಬರಿದೇ ಇಟ್ಟರೆ ಪ್ರತಿ ಕಾಲು ಸಪ್ಪಳವೂ ಗುಡುಗಿನಂತೆ ಸೇರುತ್ತದೆ. ಮೊದಲ ವಾಕ್ಯ ನಿಮ್ಮದಿರಲಿ. ದಿನ, ಊರು, ಯಾರ್‍ಯಾರು ಕೂತಿದ್ದೀರಿ, ರೆಕಾರ್ಡ್ ಮಾಡುತ್ತಿದ್ದೇನೆ, ಒಪ್ಪಿಗೆಯೇ ಎಂದು ಕೇಳಿ. ಅವರ 'ಹೂಂ ಕನಪ್ಪ' ದಾಖಲಾಗಲಿ. ವಿಡಿಯೊ ಬೇಕಿದ್ದರೆ ಬೇರೆ ಫೋನಿನಲ್ಲಿ, ಮೂಲೆಯಿಂದ, ಅಲುಗಾಡಿಸದೆ ತೆಗೆಯಿರಿ. ಮುಖದ ಮುಂದೆ ಹಿಡಿದರೆ ಹಿರಿಯರು ಟಿವಿಯವರ ಕನ್ನಡಕ್ಕೆ ಹೊರಳುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು.

ಆಮೇಲೆ ಒಂದೊಂದೇ ಫೋಟೊ ಕೈಗೆ ಕೊಡಿ. 'ನಮ್ಮ ಪೂರ್ವಜರ ಬಗ್ಗೆ ಹೇಳಿ' ಎಂದರೆ ಯಾರೂ ಏನೂ ಹೇಳುವುದಿಲ್ಲ. ಸಣ್ಣದು ಕೇಳಿ. ಈ ಕೋಟು ಯಾರದು? (ಹೆಚ್ಚಿನ ಕೋಟುಗಳು ಸ್ಟುಡಿಯೊದವು.) ಅವತ್ತು ಕೊಳ್ಳೇಗಾಲಕ್ಕೆ ಹೆಂಗೋದ್ರಿ, ಗಾಡೀಲೋ ನಡೆದೋ? ಎಲ್ಲಿ ಉಂಡ್ರಿ? ಈ ಮಗು ಯಾಕೆ ಅಳ್ತಾ ಇದೆ? ನನಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟ ಪ್ರಶ್ನೆ ಇದು: 'ಇದರಲ್ಲಿ ಯಾರಿಲ್ಲ?' ಫೋಟೊಕ್ಕೆ ಬರಲೊಪ್ಪದವರು, ಮುನಿಸಿಕೊಂಡವರು, ಬಾಣಂತನಕ್ಕೆ ಹೋದವರು, ಮೊದಲನೇ ಹೆಂಡತಿ, ಎಳವೆಯಲ್ಲೇ ಹೋದ ಮಕ್ಕಳು, ಹೆಸರೂ ಉಳಿಯದೆ ಕಳೆದುಹೋದವರೆಲ್ಲ ಆ ಒಂದು ಪ್ರಶ್ನೆಗೆ ಮನೆಯೊಳಗೆ ಬಂದು ಕೂರುತ್ತಾರೆ.

ಹೆಂಗಸರನ್ನು ಕಡೆಗೆ ಕೇಳಬೇಡಿ. ಗಂಡಸರು ವಂಶ ಹೇಳುವಾಗ ಅಪ್ಪ, ತಾತ, ಮುತ್ತಾತ ಎಂದು ನೇರ ಏಣಿ ಹತ್ತುತ್ತಾರೆ. ಹೆಂಗಸರಿಗೆ ಯಾವ ಊರಿಂದ ಹೆಣ್ಣು ತಂದರು, ಯಾವ ಊರಿಗೆ ಕೊಟ್ಟರು, ಯಾರ ತವರು ಯಾವ ದೇವರ ಒಕ್ಕಲು ಎಂಬ ಬಳ್ಳಿಯೇ ಗೊತ್ತಿರುತ್ತದೆ. ತಲೆತಲಾಂತರದ ವಂಶಾವಳಿ ಹೇಳುವ ಹೆಳವರು ಮನೆ ಬಾಗಿಲಿಗೆ ಬಂದರೆ ಅವರನ್ನೂ ಕೂರಿಸಿಕೊಂಡು, ಕೊಡಬೇಕಾದ್ದನ್ನು ಕೊಟ್ಟು, ಕೇಳಿ ದಾಖಲಿಸಿ. ಅದರ ಪಕ್ಕದಲ್ಲೇ ನಿಮ್ಮ ಅತ್ತೆಯಂದಿರು ಹೇಳಿದ್ದನ್ನೂ ಇಟ್ಟು ನೋಡಿ.

ಇಸವಿ ಕೇಳಬೇಡಿ. ಇಸವಿ ನಮ್ಮ ತಲೆಯಲ್ಲಿರುವುದು, ಅವರ ತಲೆಯಲ್ಲಿರುವುದು ಘಟನೆ. ನಾನೊಂದು ಪಟ್ಟಿ ಇಟ್ಟುಕೊಂಡಿದ್ದೇನೆ: ನಾವು ಮೈಸೂರಿಗೆ ಸೇರಿದ್ದು (1956), ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು (1973), ಒಡೆಯರಪಾಳ್ಯಕ್ಕೆ ಟಿಬೆಟಿನವರು ಬಂದದ್ದು (ಅದೇ ಆಸುಪಾಸು), ಇಂದಿರಮ್ಮ ಹೋದದ್ದು (1984), ಗಾಜನೂರಿನಿಂದ ರಾಜ್‌ಕುಮಾರ್ ಅಪಹರಣ (2000ರ ಜುಲೈ 30), ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರ ಅಪಹರಣ (2002ರ ಆಗಸ್ಟ್ 25), ಅವರಿಬ್ಬರನ್ನೂ ಹೊತ್ತೊಯ್ದ ವೀರಪ್ಪನ್ ಹತನಾದದ್ದು (2004ರ ಅಕ್ಟೋಬರ್ 18). 'ಈ ಮದುವೆ ನಾಗಪ್ಪೋರ್ ವೋಗಕಿಂತ ಮುಂಚಿಂದ, ಆಮೇಲಿಂದ?' ಎಂದರೆ ಉತ್ತರ ಥಟ್ಟನೆ ಬರುತ್ತದೆ.

ವೀರಪ್ಪನ್ ಕಾಡಿನಲ್ಲಿದ್ದ ಆ ವರ್ಷಗಳ ವಿಷಯದಲ್ಲಿ ಮಾತ್ರ ಕೈ ಹಗುರ ಇರಲಿ. ನಮ್ಮ ಸೀಮೆಯಲ್ಲಿ ಅವನ ಕಡೆಯವರು, ಪೊಲೀಸರು ಇಬ್ಬರ ಭಯದಲ್ಲೂ ಬದುಕಿದ ಮನೆಗಳಿವೆ, ವಿಚಾರಣೆಗೆಂದು ಹೋಗಿ ವರ್ಷಗಟ್ಟಲೆ ಬಾರದವರಿದ್ದಾರೆ. ಅವರಾಗಿ ಹೇಳಿದರೆ ಕೇಳಿ. ಹೇಳಿ ಮುಗಿಸಿದ ಮೇಲೆ 'ಇದನ್ನು ಇಟ್ಟುಕೊಳ್ಳಲೇ, ಅಳಿಸಲೇ?' ಎಂದು ಕೇಳಿ, ಅಳಿಸು ಎಂದರೆ ಎದುರಿಗೇ ಅಳಿಸಿ. ಜಾತಿಯ ಅವಮಾನದ, ಜೀತದ ನೆನಪುಗಳಿಗೂ ಇದೇ ರೀತಿ.

ಇಬ್ಬರು ಎರಡು ಥರ ಹೇಳಿದರೆ ತೀರ್ಪು ಕೊಡಲು ಹೋಗಬೇಡಿ, ಎರಡೂ ಉಳಿಯಲಿ. ಮಾದಪ್ಪನ ಕಥೆಯನ್ನೇ ನೋಡಿ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಸಾಲುಸಾಲಾಗಿ ಹಾಡುವ ಆ ಕಾವ್ಯವನ್ನು ಪಿ.ಕೆ. ರಾಜಶೇಖರ 1973ರಲ್ಲಿ ಪ್ರಕಟಿಸಿದರು, ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಇನ್ನೊಂದು ಪಾಠವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ತಂದಿತು. ಗಾಯಕರು ಬೇರೆಯಾದರೆ ಪಾಠವೂ ಬೇರೆ. ಎಪ್ಪತ್ತೇಳು ಮಲೆಯ ಒಡೆಯನ ಕಥೆಗೇ ಒಂದೇ ಪಾಠವಿಲ್ಲದಿರುವಾಗ, ನಿಮ್ಮ ಮುತ್ತಜ್ಜ ಎತ್ತು ಮಾರಿದನೋ ಕಳೆದುಕೊಂಡನೋ ಎಂಬುದಕ್ಕೆ ಯಾಕೆ ಬೇಕು?

ಹರಕೆ ಇದ್ದ ಮನೆಯವರು ದೇವರಗುಡ್ಡರನ್ನೋ ನೀಲಗಾರರನ್ನೋ ಕರೆಸಿ ರಾತ್ರಿಯಿಡೀ ಕಥೆ ಮಾಡಿಸುವುದು ಈಗಲೂ ಉಂಟು. ಅದರ ಜೊತೆ ನಿಮ್ಮ ಮನೆಯ ಕಥೆಯ ರಾತ್ರಿಯನ್ನು ಸೇರಿಸುವುದಾದರೆ ಮನೆಯ ಫೋಟೊಗಳ ಮಾತು ಮೊದಲು ಮುಗಿಯಲಿ, ಆಮೇಲೆ ಅವರದು. ಅವರ ಪೂಜೆ, ಪದ್ಧತಿ ನಡೆಯಬೇಕು, ಸಂಭಾವನೆ ಮೊದಲೇ ಮಾತಾಗಬೇಕು. 'ಹದಿನೈದು ನಿಮಿಷ ಕಂಸಾಳೆ ಹೊಡೆಯಿರಿ, ರೀಲ್ಸ್ ಮಾಡ್ತೀವಿ' ಎನ್ನುವುದು ಬೇಡ. ಕಂಸಾಳೆ ದೇವರಗುಡ್ಡರಿಗೆ ದೀಕ್ಷೆಯ ಗುರುತು. ಕಥೆ ಪೂರ್ತಿ ಕೇಳಲು ಪುರುಸೊತ್ತಿಲ್ಲದವರು ಜನವರಿಯ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಹೋಗಲಿ. ಚಂದ್ರಮಂಡಲದ ಜ್ಯೋತಿ ಹೊತ್ತಿದ ರಾತ್ರಿ ಬಿಡಾರಗಳ ನಡುವೆ ಸಿದ್ದಪ್ಪಾಜಿಯ ಕಥೆ ಕೇಳಿಸುತ್ತದೆ. ಎಷ್ಟೋ ಒಕ್ಕಲುಗಳವರು ಒಂದೇ ಕಡೆ ಸಿಗುವ ಜಾಗವೂ ಅದೇ, ದೂರದ ನೆಂಟರನ್ನು ಹುಡುಕಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೂ ಒಮ್ಮೆ ಹೋಗಿ ಬನ್ನಿ. ಲೊಕ್ಕನಹಳ್ಳಿಯಿಂದ ಹತ್ತಿರ. ಧೊಂಡೆನ್‌ಲಿಂಗ್ ಎಂದು ಹೆಸರಿಟ್ಟುಕೊಂಡ ಆ ನೆಲೆಯ ಊರುಗಳಿಗೆ ಎ ವಿಲೇಜ್, ಬಿ ವಿಲೇಜ್ ಎಂದು ಅಕ್ಷರಗಳೇ ಗುರುತು. ಅಲ್ಲಿನ ಮನೆಗಳ ಪೂಜೆಯ ಜಾಗದಲ್ಲಿ ಲ್ಹಾಸಾದ ಪೊಟಾಲ ಅರಮನೆಯ ಚಿತ್ರ ಕಾಣುತ್ತದೆ. ಇಲ್ಲಿ ಹುಟ್ಟಿ, ಜೋಳ ಬೆಳೆದು, ನಮ್ಮಷ್ಟೇ ಸಲೀಸಾಗಿ ಕನ್ನಡದಲ್ಲಿ ಚೌಕಾಸಿ ಮಾಡುವವರಿಗೆ ಅದು ಕಣ್ಣಾರೆ ಕಾಣದ ಊರು. ಊರು ಕೈತಪ್ಪಿದವರು ಚಿತ್ರವನ್ನು ಎಲ್ಲಿಡುತ್ತಾರೆ, ಊರಲ್ಲೇ ಇರುವ ನಾವು ತಾತನನ್ನು ಯಾರ ಹಿಂದೆ ಕೂರಿಸುತ್ತೇವೆ ಎಂದು ನೋಡಿದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಆಮೇಲಿನ ಕೆಲಸ

ಮಾರನೇ ದಿನವೇ, ಬಸ್ಸು ಹತ್ತುವ ಮುನ್ನ, ಫೋಟೊಗಳಿಗೆ ನಂಬರು ಕೊಟ್ಟು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ನಂಬರು, ಯಾರು, ಎಲ್ಲಿ, ಹೇಳಿದವರು ಯಾರು, ರೆಕಾರ್ಡಿಂಗಿನ ಎಷ್ಟನೇ ನಿಮಿಷ. ಫೈಲಿಗೂ ಅದೇ ನಂಬರು. 'ಹೇಳಿದವರು ಯಾರು' ಎಂಬುದನ್ನು ಮರೆಯಬೇಡಿ, ನಾಳೆ ಅನುಮಾನ ಬಂದರೆ ಕೇಳಲು ಅದೊಂದೇ ದಾರಿ. ಫೋಟೊದ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಅಚ್ಚು ಮುಖದವರೆಗೂ ಮೂಡುತ್ತದೆ. ಮೆತ್ತನೆ ಪೆನ್ಸಿಲಿನಲ್ಲಿ ಅಂಚಿಗೆ ಬರೆಯಿರಿ. ನುಣುಪು ಬೆನ್ನಿನ ಬಣ್ಣದ ಫೋಟೊ ಪೆನ್ಸಿಲು ಹಿಡಿಯದಿದ್ದರೆ ಕವರಿನ ಮೇಲೆ ಬರೆಯಿರಿ. ಪ್ಲಾಸ್ಟಿಕ್ ಕವರು ತೇವ ಹಿಡಿದಿಡುತ್ತದೆ, ಕಾಗದದ ಕವರು ಒಳ್ಳೆಯದು. ಅಂಟಿನ ಹಾಳೆಯ ಆಲ್ಬಂಗಳಿಂದ ಸುಲಭವಾಗಿ ಬರುವುದನ್ನು ಮಾತ್ರ ಬಿಡಿಸಿ. ಫೈಲಿನ ಮೂರು ಪ್ರತಿ ಮೂರು ಮನೆಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿ.

ಹೊರಗಿನವರಿಗೂ ಕೊಡಬೇಕೆನಿಸಿದರೆ ಊರಿನ ಶಾಲೆಗೊಂದು ಪ್ರತಿ ಕೊಡಿ. ಹಾಡು, ಕಥೆಯ ದಾಖಲೆ ಇದ್ದರೆ ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜನಪದ ಲೋಕವನ್ನೋ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನೋ ಕೇಳಿ ನೋಡಿ. ಅನುಷಾ ಯಾದವ್ 2010ರಲ್ಲಿ ಶುರುಮಾಡಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಇಂಥ ಮನೆಮನೆಯ ಫೋಟೊಗಳನ್ನು ಅವುಗಳ ಕಥೆಯ ಸಮೇತ ಕೂಡಿಡುತ್ತಿದೆ. ಕೊಡುವ ಮುನ್ನ ಮನೆಯವರೆಲ್ಲರ ಒಪ್ಪಿಗೆ ಪಡೆಯಿರಿ.

ನಮ್ಮ ಪಟ್ಟಿಯಲ್ಲಿ ಈಗ ಅರವತ್ಮೂರು ಫೋಟೊಗಳಿವೆ. ನಲವತ್ತೇಳನೆಯದರಲ್ಲಿ ಅಜ್ಜಿಯ ಪಕ್ಕ ನಿಂತ ಹೆಂಗಸು ಯಾರೆಂದು ಇನ್ನೂ ಗೊತ್ತಾಗಿಲ್ಲ. ದೊಡ್ಡವ್ವ ಬೈಲೂರಿನವಳು ಎನ್ನುತ್ತಾಳೆ, ದೊಡ್ಡಪ್ಪ ಅವಳು ನಮ್ಮೋಳೇ ಅಲ್ಲ, ಸ್ಟುಡಿಯೊಗೆ ಬಂದಿದ್ದ ಬೇರೆ ಯಾರೋ ಎನ್ನುತ್ತಾರೆ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿದ್ದೇನೆ. ಬರುವ ಪಕ್ಷಕ್ಕೆ ಬೈಲೂರಿನಿಂದ ಒಬ್ಬರನ್ನು ಊಟಕ್ಕೆ ಕರೆದಿದ್ದೇವೆ.